ಮೆಟ್ಟುಗತ್ತಿ ಪಕ್ಕ ಕೂತು ಬರೆದುಕೊಂಡ ಅಮ್ಮಮ್ಮನ ಕಥೆ

ಮನೆಯ ಹಿರಿಯರ ಮಾತು ರೆಕಾರ್ಡ್ ಮಾಡಲು ಹೊರಟವರಿಗೆಲ್ಲ ಇದು ಗೊತ್ತು: ಮೊಬೈಲ್ ಎದುರಿಗಿಟ್ಟ ಕೂಡಲೇ ಅವರ ಬಾಯಿ ಕಟ್ಟುತ್ತದೆ. ನನ್ನ ಅಮ್ಮಮ್ಮನೂ ಹಾಗೇ. "ಎಂತ ಹೇಳದು ಮಾರಾಯ, ಎಂತೂ ಇಲ್ಲೆ" ಅಂದು ಸೆರಗು ಸರಿಮಾಡಿಕೊಂಡು ಕೂತಳು. ಮೂವತ್ತಾರಕ್ಕೆ ಗಂಡ ತೀರಿಕೊಂಡ ಮೇಲೆ ಸಾಗರದ ಹತ್ತಿರದ ತೋಟವನ್ನು ಒಬ್ಬಳೇ ನಡೆಸಿದವಳು. ಮಂಡಿಗೆ ತಾನೇ ಹೋಗಿ ರಾಶಿ, ಬೆಟ್ಟೆ ಅಡಿಕೆಯ ದರಕ್ಕೆ ಜಗಳ ಆಡಿದವಳು. ಬೆಂಗಳೂರಿಗೆ ಬಾ ಅಂದ ಮಕ್ಕಳಿಗೆ ಊಟ ಹಾಕಿ ವಾಪಸ್ ಕಳಿಸಿದವಳು. ತೊಂಬತ್ಮೂರರ ತನಕ ತನ್ನ ಮನೆಯಲ್ಲೇ ಇದ್ದಳು. ಎಂತೂ ಇಲ್ಲವಂತೆ!

"ಅವಳಿಗೆ ಮರೆವು, ಸುಮ್ನೆ ದುಡ್ಡು ಹಾಳು" ಅಂತ ದೊಡ್ಡ ಮಾವ ಮೊದಲೇ ಹೇಳಿದ್ದರು.

ದುಡ್ಡು ಹಾಳಾಗಿದ್ದು ನಿಜ. ರೆಕಾರ್ಡರಿಗೆ ನಾಲ್ಕೂವರೆ ಸಾವಿರ ಹೋಯಿತು. ಅದರಲ್ಲಿ ಸಿಕ್ಕಿದ್ದು ಫ್ಯಾನಿನ ಸದ್ದು ಮತ್ತು ಹೂಂ, ಹೂಂ. ಟೈಪ್ ಮಾಡಲು ಕೊಟ್ಟವನು ಎರಡು ಸಾವಿರ ತೆಗೆದುಕೊಂಡು, ನಮ್ಮ ಹವ್ಯಕ ಮಾತನ್ನೆಲ್ಲ ಪುಸ್ತಕದ ಕನ್ನಡ ಮಾಡಿ ಕೊಟ್ಟ. ಅಮ್ಮಮ್ಮ ಅದನ್ನು ಓದಿಸಿ ಕೇಳಿ, "ಇದ್ಯಾರು?" ಅಂದಳು.

ದಾರಿ ಸಿಕ್ಕಿದ್ದು ಮುಂದಿನ ಕೊಯ್ಲಿನಲ್ಲಿ, ಅಡಿಕೆ ಸುಲಿಯುವಾಗ. ಅವಳು ಮೆಟ್ಟುಗತ್ತಿ ಹಾಕಿಕೊಂಡು ಕೂತರೆ ಕಣ್ಣು ಅಡಿಕೆ ಮೇಲೆ, ಬಾಯಿ ಊರ ಮೇಲೆ. ನಾನೂ ಪಕ್ಕದಲ್ಲಿ ಕೂತೆ. ಕತ್ತಿಯ ಸದ್ದಿನಿಂದ ಮೊದಲ ನಾಲ್ಕು ರಾತ್ರಿ ದಂಡ. ಆಮೇಲೆ ಒಂಬೈನೂರರ ಕಾಲರ್ ಮೈಕ್ ತಂದು ಸೆರಗಿಗೆ ಸಿಕ್ಕಿಸಿದೆ. ಮೂರು ಕೊಯ್ಲಿನಲ್ಲಿ ಹತ್ತಿರ ಹತ್ತಿರ ನಲವತ್ತು ಗಂಟೆ ಸಿಕ್ಕಿತು.

ಪ್ರಶ್ನೆ ಕೇಳಬೇಡಿ, ತಪ್ಪು ಹೇಳಿ. "ಲಿಂಗನಮಕ್ಕಿ ಡ್ಯಾಮಿನ ನೀರು ಬರೋ ಮೊದಲೇ ಅಜ್ಜ ಹೋದ್ರಲ್ವಾ?" ಅಂದರೆ ಸಾಕು, ತಿದ್ದಲು ಶುರು. ಅಜ್ಜನ ಸಾಲದ ಸುದ್ದಿ ಹೇಗೆ ಹೊರಗೆ ಬಂತು ಅಂತ ಮಾತ್ರ ನಾನು ಹೇಳುವುದಿಲ್ಲ. ಅದಕ್ಕೆ ಎಲೆ-ಅಡಿಕೆ ಹರಿವಾಣ ಬೇಕು, ಅಷ್ಟೇ ಹೇಳಬಲ್ಲೆ.

ಇಸವಿ ಕೇಳುವುದೂ ದಂಡ. ಆಧಾರ್‌ನಲ್ಲಿ ಅವಳ ಹುಟ್ಟು 1938ರ ಜನವರಿ 1. ಅವಳ ಲೆಕ್ಕ ಬೇರೆ: ಹುಟ್ಟಿದ್ದು ಪ್ರಮೋದೂತ ಸಂವತ್ಸರ, ಅಂದರೆ 1930. ತವರುಮನೆ ಶರಾವತಿ ಹಿನ್ನೀರಿಗೆ ಹೋಗಿದ್ದು ಕ್ರೋಧಿ, 1964. ಅರವತ್ತು ಸಂವತ್ಸರ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಒಂದು ಎಚ್ಚರ: ವರ್ಷ ಬದಲಾಗುವುದು ಯುಗಾದಿಗೆ. ಗಾಂಧಿ ಹತ್ಯೆ 1948ರ ಜನವರಿ, ಅದಿನ್ನೂ ಸರ್ವಜಿತು. ಇದು ಹೊಳೆಯದೆ ಮೊದಲು ಬರೆದ ಹತ್ತು ಪುಟ ಹರಿದು ಹಾಕಿದೆ.

ನಡುವೆ ಒಂದು ಹುಚ್ಚಾಟ. ಅವಳ ಅಪ್ಪೆಮಿಡಿ ಉಪ್ಪಿನಕಾಯಿಯ ಅಳತೆ ಹಿಡಿಯಲು ಹೋದೆ. ಹಿಡಿ ಉಪ್ಪನ್ನು ಏಳು ಸಲ ತೂಗಿದೆ. ಒಮ್ಮೆ ಐವತ್ತೈದು ಗ್ರಾಂ, ಒಮ್ಮೆ ಎಂಬತ್ತು. ಸರಾಸರಿ ತೆಗೆದು ಅತ್ತೆಗೆ ಕೊಟ್ಟೆ. ಭರಣಿ ಪೂರ್ತಿ ಬೂಸಲು. "ಮಿಡಿ ನೋಡಿ ಉಪ್ಪು ಹಾಕದು, ತಕ್ಕಡಿ ನೋಡಿ ಅಲ್ಲ" ಅಂತ ಬೈಸಿಕೊಂಡೆ.

ಹಿನ್ನೀರು ತೀರಾ ಇಳಿದ ಒಂದು ಬೇಸಿಗೆ ಜೀಪು ಮಾಡಿ ಕರೆದುಕೊಂಡು ಹೋದೆ, ಮೂರು ಸಾವಿರ. ಲಿಂಗನಮಕ್ಕಿ ನೀರಲ್ಲಿ ಮುಳುಗಿದ್ದ ಹಳೇ ಮಡೆನೂರು ಡ್ಯಾಮಿನ ಗೋಡೆ ಎದ್ದು ಕಾಣುತ್ತಿತ್ತು. ಅವಳು ಒಂದು ಮಾತೂ ಆಡಲಿಲ್ಲ. ವಾಪಸ್ ಬರುವಾಗ ಜೀಪಿನಲ್ಲಿ ಎರಡು ಗಂಟೆ ಬಿಡದೆ ಹೇಳಿದಳು. ಮೈಕ್ ಮನೆಯಲ್ಲಿ ಚಾರ್ಜಿಗೆ ಇತ್ತು.

ಅಮ್ಮಮ್ಮನ ವರ್ಷಾಂತಕ್ಕೆ, ಅಂದರೆ ತೀರಿಕೊಂಡ ಮೊದಲ ವರ್ಷದ ಕಾರ್ಯಕ್ಕೆ, ಅರವತ್ತು ಪ್ರತಿ ಪುಸ್ತಕ ಮಾಡಿಸಿ ಹಂಚಿದೆ. ಹದಿನಾಲ್ಕೋ ಹದಿನೈದೋ ಸಾವಿರ ಆಯಿತು. ಹತ್ತೇ ದಿನದಲ್ಲಿ ಖಾಲಿ. ಮರೆವು ಅಂದಿದ್ದ ದೊಡ್ಡ ಮಾವ ಫೋನ್ ಮಾಡಿದರು. ಅವರು ಹುಟ್ಟಿದ್ದು ಗಾಂಧಿ ಹೋದ ಮೇಲಿನ ಮಳೆಗಾಲ, ಪುಷ್ಯ ಮಳೆಯಲ್ಲಿ, ಸರ್ವಧಾರಿ ಸಂವತ್ಸರ ಅಂತ ಅಮ್ಮಮ್ಮ ಹೇಳಿದ್ದು ಅದರಲ್ಲಿದೆ. ಶಾಲೆ ದಾಖಲೆಯಲ್ಲಿ ಅವರದ್ದು 1950. ಸರ್ಕಾರಿ ನೌಕರಿಯಿಂದ ನಿವೃತ್ತಿ ಆಗಿದ್ದೂ ಅದೇ ಲೆಕ್ಕದಲ್ಲಿ.

"ಎರಡು ವರ್ಷ ಜಾಸ್ತಿ ಸಂಬಳ ತಗೊಂಡೆ ಅಂತಾಯ್ತಲ್ಲೋ! ಆ ಪುಟ ಇನ್ಯಾರಿಗೂ ತೋರಿಸಬೇಡ. ಮತ್ತೆ... ಇನ್ನೆರಡು ಪ್ರತಿ ಇದ್ರೆ ಕಳಿಸು."