ತಾರಿ, ಗಜನಿ, ಅಡಿಕೆ ಅಂಗಳ: ಊರಿನ ಚಿತ್ರಗಳನ್ನು ಉಳಿಸಿ ಹಂಚುವುದು ಹೇಗೆ?

ಕಾರವಾರದ ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್‌ನ ಒಂದು ರಾತ್ರಿ ಕುಸಿದುಬಿತ್ತು. ದಶಕಗಳ ಕಾಲ ಅದರ ಮೇಲೆ ಓಡಾಡಿದವರಲ್ಲಿ ಎಷ್ಟು ಜನರ ಬಳಿ ಅದರದೊಂದು ಒಳ್ಳೆಯ ಚಿತ್ರವಿದ್ದೀತು ಎಂಬುದು ಅನುಮಾನ, ಏಕೆಂದರೆ ದಿನವೂ ಕಣ್ಣಿಗೆ ಬೀಳುವುದನ್ನು ಯಾರೂ ಚಿತ್ರ ತೆಗೆದಿಡುವುದಿಲ್ಲ. ಮುರ್ಡೇಶ್ವರದ ಶಿವನ ಚಿತ್ರಗಳಿಗೆ ಅಂತರ್ಜಾಲದಲ್ಲಿ ಬರವಿಲ್ಲ; ಆದರೆ ಅಘನಾಶಿನಿ ನದಿ ದಂಡೆಯ, ಉಪ್ಪುನೀರು ಹರಿದುಬರುವ ಗಜನಿ ಗದ್ದೆ, ಸಾಣಿಕಟ್ಟೆಯ ಉಪ್ಪಿನ ಆಗರ, ಹೊಳೆ ದಾಟಿಸುವ ತಾರಿ, ಶಿರಸಿ ಕಡೆಯ ಅಡಿಕೆ ಅಂಗಳ ಇವುಗಳ ಚಿತ್ರ ಹುಡುಕಲು ಹೊರಟರೆ ಸಿಗುವುದು ಕಡಿಮೆ, ಸಿಕ್ಕರೂ ಎಲ್ಲಿಯದು, ಯಾವಾಗಿನದು ಎಂಬ ವಿವರವಿರುವುದಿಲ್ಲ.

ಮೊದಲು ಮಾಡಬೇಕಾದದ್ದು ಆಯ್ಕೆ. ನೂರು ಕಡೆ ಅಲೆಯುವುದಕ್ಕಿಂತ ಮನೆಯ ಹತ್ತಿರದ ಒಂದೇ ಜಾಗವನ್ನು ಹಿಡಿದು, ಒಂದೇ ಕಡೆ ನಿಂತು, ಬೇರೆ ಬೇರೆ ಕಾಲದಲ್ಲಿ ತೆಗೆದ ಚಿತ್ರಗಳಿಗೆ ಬೆಲೆ ಹೆಚ್ಚು. ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆದ ಗಜನಿಯಲ್ಲಿ, ಕೊಯ್ಲಾದ ಮೇಲೆ ಉಪ್ಪುನೀರು ತುಂಬಿ ಮೀನು, ಸೀಗಡಿ ಹಿಡಿಯುತ್ತಾರೆ. ಈ ಎರಡೂ ಸ್ಥಿತಿ ದಾಖಲಾದರೆ ಮಾತ್ರ ಅದು ಗಜನಿಯ ಚಿತ್ರ, ಇಲ್ಲದಿದ್ದರೆ ಬರೀ ಗದ್ದೆಯ ಚಿತ್ರ. ಗುಡಿಗಳ ಗೋಡೆಯ ಕಾವಿ ಕಲೆಗೆ ಬೇರೆಯದೇ ಎಚ್ಚರ ಬೇಕು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣ ಬಳಿದು, ಕೆರೆದು ಮೂಡಿಸಿದ ಗೆರೆಗಳು ಅವು. ಫ್ಲ್ಯಾಶ್ ಬಳಸಿದರೆ ಎಲ್ಲವೂ ಚಪ್ಪಟೆಯಾಗುತ್ತದೆ, ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಗೋಡೆಗೆ ನೇರ ಎದುರು ನಿಂತು ತೆಗೆದರೆ ಕೆರೆದ ಅಂಚೂ ಕಾಣುತ್ತದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಆಯಿಲ್ ಪೇಂಟ್ ಬಳಿಯುವ ಮೊದಲೇ ಈ ಕೆಲಸ ಆಗಬೇಕು.

ಮನೆಯ ಹಳೆಯ ಆಲ್ಬಂಗಳಿದ್ದರೆ ಅವನ್ನು ಮಳೆಗಾಲದಲ್ಲಿ ಮುಟ್ಟದಿರುವುದು ಲೇಸು. ಕರಾವಳಿಯ ತೇವಕ್ಕೆ ಫೋಟೊಗಳ ಮೇಲೆ ಬೂಷ್ಟು ಹಿಡಿಯುತ್ತದೆ, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಡಿಸೆಂಬರ್‌ನಿಂದ ಫೆಬ್ರವರಿಯೊಳಗಿನ ಒಣ ದಿನಗಳಲ್ಲಿ, ಮೆತ್ತನೆಯ ಕುಂಚದಿಂದ ಧೂಳು ತೆಗೆದು, 600 ಡಿಪಿಐ (ಇಂಚಿಗೆ 600 ಚುಕ್ಕಿ) ರೆಸಲ್ಯೂಷನ್‌ನಲ್ಲಿ ಸ್ಕ್ಯಾನ್ ಮಾಡಿ ಗುಣಮಟ್ಟ ಕುಂದದ ಟಿಫ್ (TIFF) ಕಡತವಾಗಿ ಉಳಿಸಿಕೊಳ್ಳಬೇಕು. ಜೆಪೆಗ್ ಕಡತವನ್ನು ತಿದ್ದಿ ತಿದ್ದಿ ಉಳಿಸಿದಂತೆಲ್ಲ ಅದರ ಗುಣಮಟ್ಟ ಕುಂದುತ್ತದೆ. ಚೌಕಟ್ಟಿನ ಗಾಜಿಗೆ ಅಂಟಿದ ಫೋಟೊವನ್ನು ಎಳೆದು ಬಿಡಿಸಲು ಹೋಗದೆ, ಗಾಜಿನ ಸಮೇತ ಸ್ಕ್ಯಾನ್ ಮಾಡಬೇಕು. ಹಿಂಬದಿಯನ್ನೂ ಸ್ಕ್ಯಾನ್ ಮಾಡುವುದನ್ನು ಮರೆಯಬಾರದು, ಸ್ಟುಡಿಯೊದ ಮೊಹರು, ಪೆನ್ಸಿಲ್‌ನಲ್ಲಿ ಬರೆದ ಇಸವಿ ಅಲ್ಲೇ ಇರುತ್ತವೆ.

ಇನ್ನು ವಿವರದ ಹಂತ. ನನ್ನ ಮಟ್ಟಿಗೆ ಇದೇ ಇಡೀ ಕೆಲಸದ ತಿರುಳು. ‘ಐಎಂಜಿ’ ಎಂದು ಶುರುವಾಗುವ ಕಡತದ ಹೆಸರನ್ನು ತೆಗೆದು ಊರು, ವಿಷಯ, ಇಸವಿ ಇರುವ ಹೆಸರು ಕೊಡಬೇಕು. ಹಳ್ಳಿ, ತಾಲ್ಲೂಕು, ದಿನಾಂಕ, ಚಿತ್ರದಲ್ಲಿ ನಡೆಯುತ್ತಿರುವ ಕೆಲಸ, ಬಳಸುತ್ತಿರುವ ಸಲಕರಣೆ ಇಷ್ಟನ್ನಾದರೂ ಬರೆಯಬೇಕು. ಅಡಿಕೆ ಸುಲಿಯುವ ಚಿತ್ರವಾದರೆ ಸುಲಿಯುತ್ತಿರುವುದು ಹಸಿ ಅಡಿಕೆಯನ್ನೋ ಒಣಗಿದ ಗೋಟನ್ನೋ ಎಂಬುದನ್ನು ಮನೆಯ ಹಿರಿಯರು ನೋಡಿದ ಕೂಡಲೇ ಹೇಳುತ್ತಾರೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬರೆಯುವುದು ಒಳ್ಳೆಯದು. ಇಸವಿ ಖಚಿತವಿಲ್ಲದಿದ್ದರೆ ‘1985ರ ಸುಮಾರಿಗೆ’ ಎಂದರಾಯಿತು. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ, ಆದ್ದರಿಂದ ಡಾಕ್ಯುಮೆಂಟ್ ಆಗಿ ಕಳಿಸಬೇಕು. ಮೂರು ಪ್ರತಿಗಳಿರಲಿ: ಎರಡು ಬೇರೆ ಬೇರೆ ಸಾಧನಗಳಲ್ಲಿ, ಒಂದು ಬೇರೆ ಊರಿನ ನೆಂಟರ ಮನೆಯಲ್ಲೋ ಕ್ಲೌಡ್‌ನಲ್ಲೋ.

ಹಂಚುವ ಮೊದಲು ಹಕ್ಕು ಯಾರದೆಂದು ನೋಡಬೇಕು. 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಫೋಟೊದ ಹಕ್ಕು ಸಾಮಾನ್ಯವಾಗಿ ತೆಗೆದವರದು. ಬೇರೆ ಒಪ್ಪಂದವಿಲ್ಲದೆ ಹಣ ಕೊಟ್ಟು ತೆಗೆಸಿದ್ದಾದರೆ ತೆಗೆಸಿದವರದು. ಚಿತ್ರದ ಹಕ್ಕು ಸಾಮಾನ್ಯವಾಗಿ ತೆಗೆದವರ ಜೀವಿತಾವಧಿಯುದ್ದಕ್ಕೂ, ಅವರು ತೀರಿಕೊಂಡ ನಂತರ 60 ವರ್ಷವೂ ಇರುತ್ತದೆ. ಮೀನು ಮಾರುವವರ, ಬಲೆ ಎಳೆಯುವವರ ಮುಖ ಸ್ಪಷ್ಟವಾಗಿ ಕಾಣುವ ಚಿತ್ರಕ್ಕೆ ಅವರ ಒಪ್ಪಿಗೆ ಕೇಳಬೇಕು, ಅದು ಎಲ್ಲಿ ಪ್ರಕಟವಾಗುತ್ತದೆ ಎಂಬುದನ್ನೂ ಹೇಳಬೇಕು. ಕಾರವಾರದ ನೌಕಾನೆಲೆ, ಕೈಗಾ ಅಣುಸ್ಥಾವರದ ಆಸುಪಾಸಿನಲ್ಲಿ ಕ್ಯಾಮೆರಾ, ಡ್ರೋನ್ ಹೊರತೆಗೆಯಲೇಬಾರದು.

ಹಾಕುವ ಜಾಗವಾಗಿ, ವಿಕಿಪೀಡಿಯಕ್ಕೆ ಚಿತ್ರ ಒದಗಿಸುವ ಮುಕ್ತ ಭಂಡಾರ ವಿಕಿಮೀಡಿಯ ಕಾಮನ್ಸ್ ನನಗೆ ಎಲ್ಲಕ್ಕಿಂತ ಮೇಲೆನಿಸುತ್ತದೆ. ಫೇಸ್‌ಬುಕ್‌ನಲ್ಲಿ ಹಾಕಿದ ಚಿತ್ರ ಎರಡು ದಿನ ಮೆಚ್ಚುಗೆ ಗಳಿಸಿ ಕೆಳಗೆ ಸರಿದುಹೋಗುತ್ತದೆ, ಕಾಮನ್ಸ್‌ನಲ್ಲಿ ಹಾಕಿದ್ದನ್ನು ಹತ್ತು ವರ್ಷದ ನಂತರವೂ ಹುಡುಕಿ ತೆಗೆಯಬಹುದು. ಖಾತೆ ತೆರೆದು, ಅಪ್‌ಲೋಡ್ ವಿಝಾರ್ಡ್‌ನಲ್ಲಿ ಮೂಲ ಗಾತ್ರದ ಕಡತ ಆಯ್ದು, ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಒಪ್ಪಿ, ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ವಿವರ ಬರೆದು, ತಾಲ್ಲೂಕಿನ ವರ್ಗವನ್ನು (ಕೆಟಗರಿ) ಸೇರಿಸಬೇಕು. ಈ ಪರವಾನಗಿ ಕೊಟ್ಟ ಮೇಲೆ ಹಿಂಪಡೆಯಲಾಗದು, ವ್ಯಾಪಾರಕ್ಕೂ ಯಾರಾದರೂ ಬಳಸಬಹುದು. ಮನಸ್ಸು ಒಪ್ಪದ ಚಿತ್ರವನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದು. ಮನೆಯಂಗಳದ ಚಿತ್ರವಾದರೆ ನಕ್ಷೆಯ ನಿಖರ ಸ್ಥಾನ ಕೊಡದೆ ಊರಿನ ಹೆಸರಿಗೆ ನಿಲ್ಲಿಸುವುದು ಒಳ್ಳೆಯದು. ಹಾಕಿದ ಕೊಂಡಿಯನ್ನು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿದರೆ ‘ಇದು ತದಡಿ ಅಲ್ಲ ಮಾರಾಯ’ ಎಂದು ತಿದ್ದುವವರು ಸಿಕ್ಕೇ ಸಿಗುತ್ತಾರೆ, ಕಾಮನ್ಸ್‌ನ ವಿವರವನ್ನು ಯಾವಾಗ ಬೇಕಾದರೂ ಬದಲಿಸಬಹುದು.