ವರ್ಷದ ಓದಿನ ಗುರಿ ಇಟ್ಟುಕೊಳ್ಳುವವರಿಗೆ

ಎಲ್ಲರಿಗೂ ನಮಸ್ಕಾರ. ಈ ವರ್ಷ ಇಷ್ಟು ಓದಲೇಬೇಕು ಅಂದುಕೊಂಡವರು ದಯವಿಟ್ಟು ಪುಸ್ತಕದ ಲೆಕ್ಕ ಬಿಟ್ಟು ಪುಟದ ಲೆಕ್ಕ ಹಿಡಿಯಿರಿ. 24 ಪುಸ್ತಕ ಅಂದರೆ ಎದೆ ಧಸಕ್ ಅನ್ನುತ್ತದೆ. ಒಂದೊಂದಕ್ಕೆ 200 ಪುಟ ಅಂತಿಟ್ಟುಕೊಂಡರೆ ಒಟ್ಟು 4,800, ದಿನಕ್ಕೆ 14 ಪುಟವೂ ಆಗುವುದಿಲ್ಲ. ಪುಸ್ತಕ ಎಣಿಸುವವರು 600 ಪುಟದ ಕಾದಂಬರಿ ಮುಟ್ಟಲು ಹಿಂಜರಿದು ತೆಳ್ಳಗಿನವನ್ನೇ ಹುಡುಕುತ್ತಾರೆ. ಪುಟ ಎಣಿಸಿದರೆ ಆ ತಾಪತ್ರಯವಿಲ್ಲ. ಗಣಪತಿ ಹಬ್ಬ, ಊರಿಗೆ ಹೋಗುವ ಮೇ ತಿಂಗಳು ಇವನ್ನೆಲ್ಲ ಮೊದಲೇ ಕಳೆದು 300 ದಿನಕ್ಕೆ ಹಂಚಿದರೂ ದಿನಕ್ಕೆ 16 ಪುಟ, ಅಷ್ಟೇ.

ನಮ್ಮ ಮುಂಬಯಿಯಲ್ಲಿ ಓದಲು ಲೋಕಲ್ ರೈಲಿಗಿಂತ ಒಳ್ಳೆಯ ಜಾಗವಿಲ್ಲ. ಬೆಳಗಿನ ನೂಕುನುಗ್ಗಲಲ್ಲಿ ಆಗದ ಮಾತು, ಬಿಡಿ. ಸಂಜೆ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ನಿಲ್ದಾಣದಲ್ಲಿ ಒಂದು ಗಾಡಿ ಬಿಟ್ಟು, ಅಲ್ಲಿಂದಲೇ ಹೊರಡುವ ಮುಂದಿನ ಸ್ಲೋ, ಅಂದರೆ ಎಲ್ಲ ನಿಲ್ದಾಣದಲ್ಲೂ ನಿಲ್ಲುವ ಗಾಡಿ, ಹಿಡಿಯಿರಿ. ಸೀಟು ಸಿಕ್ಕರೆ ಘಾಟ್ಕೋಪರ್ ಬರುವಷ್ಟರಲ್ಲಿ ದಿನದ ಪಾಲು ಮುಗಿದಿರುತ್ತದೆ. ಇನ್ನೂ ದೂರದ ಡೊಂಬಿವಲಿಯವರಿಗಂತೂ ನಾಳೆಯ ಪಾಲೂ ಮುಗಿಯಬಹುದು! ಮಳೆಗಾಲದಲ್ಲಿ ಪುಸ್ತಕಕ್ಕೊಂದು ಪ್ಲಾಸ್ಟಿಕ್ ಚೀಲ ಇರಲಿ, ನೆಂದು ಅಂಟಿಕೊಂಡ ಹಾಳೆ ಬಿಡಿಸಲು ಹೋದರೆ ಹರಿದೇ ಹೋಗುತ್ತದೆ.

50 ಪುಟ ಓದಿಯೂ ರುಚಿಸದಿದ್ದರೆ ಮುಚ್ಚಿಡಿ, ಆ 50 ಲೆಕ್ಕಕ್ಕೆ ಸೇರಲಿ.

ಇಲ್ಲಿ ಕನ್ನಡ ಪುಸ್ತಕ ಸಿಗುವುದಿಲ್ಲ ಅನ್ನುವವರು ಮಾಟುಂಗದ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘದ ಕಾರ್ಯಕ್ರಮಗಳಿಗೆ ಬನ್ನಿ, ಓದುವ ಜನ ಸಿಗುತ್ತಾರೆ. ನಿಮ್ಮ ಕಪಾಟಿನಲ್ಲಿ ಓದಿ ಮುಗಿಸಿದ್ದಿದ್ದರೆ ಫೋಟೋ ತೆಗೆದು ಗ್ರೂಪಿಗೆ ಹಾಕಿ, ಅದಲುಬದಲು ಮಾಡಿಕೊಳ್ಳೋಣ.