ಸಹಕಾರಿ ಬ್ಯಾಂಕಿನಲ್ಲಿ ಠೇವಣಿ ಇಡುವ ಮುನ್ನ ಏನೇನು ನೋಡಬೇಕು?

ಶಿಡ್ಲಘಟ್ಟದಲ್ಲಿ ಗೂಡು ಮಾರಿದ ಹಣವನ್ನೋ ತಿಪಟೂರಿನಲ್ಲಿ ಕೊಬ್ಬರಿ ಮಾರಿದ ಹಣವನ್ನೋ ಸಹಕಾರಿ ಸಂಸ್ಥೆಯಲ್ಲಿ ಠೇವಣಿ ಇಡಲು ಹೊರಟವರು, ಬಡ್ಡಿ ದರದ ಪಟ್ಟಿ ನೋಡುವ ಮೊದಲು ಆ ಸಂಸ್ಥೆ ಯಾರ ಪರವಾನಗಿಯಲ್ಲಿ ನಡೆಯುತ್ತಿದೆ ಎಂಬುದನ್ನು ತಿಳಿದುಕೊಳ್ಳಬೇಕು. ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರಿ) ಬ್ಯಾಂಕು ಮತ್ತು ಪಟ್ಟಣ ಸಹಕಾರಿ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ನಿಯಂತ್ರಣಕ್ಕೆ ಒಳಪಟ್ಟಿವೆ; ಬ್ಯಾಂಕು ಮುಳುಗಿದರೆ ಠೇವಣಿದಾರರಿಗೆ ಒಂದು ಮಿತಿಯವರೆಗೆ ಹಣ ಕೊಡುವ ಠೇವಣಿ ವಿಮೆ ಅವುಗಳಿಗಿದೆ. ಅದೇ ಬೀದಿಯಲ್ಲಿರುವ ಪತ್ತಿನ ಸಹಕಾರ ಸಂಘಕ್ಕಾಗಲಿ ಊರಿನ ಕೃಷಿ ಪತ್ತಿನ ಸಂಘಕ್ಕಾಗಲಿ ಈ ವಿಮೆ ಇರುವುದಿಲ್ಲ. ಹೆಸರಿನಲ್ಲಿ ಸೌಹಾರ್ದ ಎಂದಿದ್ದ ಮಾತ್ರಕ್ಕೆ ಯಾವುದೂ ತೀರ್ಮಾನವಾಗದು, ಏಕೆಂದರೆ ಕರ್ನಾಟಕದ 1997ರ ಸೌಹಾರ್ದ ಸಹಕಾರಿ ಕಾಯ್ದೆಯಡಿ ಪತ್ತಿನ ಸಹಕಾರಿಗಳೂ ಇವೆ, ಪರವಾನಗಿ ಪಡೆದ ಬ್ಯಾಂಕುಗಳೂ ಇವೆ. ಸಂದೇಹವಿದ್ದರೆ ಠೇವಣಿ ವಿಮಾ ನಿಗಮದ ಜಾಲತಾಣದಲ್ಲಿರುವ ವಿಮಾವ್ಯಾಪ್ತಿಯ ಬ್ಯಾಂಕುಗಳ ಪಟ್ಟಿಯನ್ನು ನೋಡಬಹುದು.

ವಿಮೆಯ ಮಿತಿ 2020ರ ಫೆಬ್ರವರಿಯಲ್ಲಿ ಒಂದು ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿತು. ಇದು ಅಸಲು ಮತ್ತು ಬಡ್ಡಿ ಎರಡೂ ಸೇರಿದ ಮೊತ್ತ. ತುಮಕೂರಿನ ಶಾಖೆಯಲ್ಲಿ ನಾಲ್ಕು ಲಕ್ಷ, ಗುಬ್ಬಿಯ ಶಾಖೆಯಲ್ಲಿ ಮೂರು ಲಕ್ಷ ಇಟ್ಟವರಿಗೆ ಬ್ಯಾಂಕು ಒಂದೇ ಆಗಿದ್ದರೆ ವಿಮೆಯಿಂದ ದೊರೆಯುವುದು ಐದೇ ಲಕ್ಷ. ರಿಸರ್ವ್ ಬ್ಯಾಂಕು ಹಣ ಹಿಂಪಡೆಯುವುದಕ್ಕೆ ನಿರ್ಬಂಧ ಹೇರಿದಾಗ ಈ ಮೊತ್ತವನ್ನು 90 ದಿನಗಳೊಳಗೆ ಕೊಡಿಸುವ ತಿದ್ದುಪಡಿ 2021ರಲ್ಲಿ ಬಂತು. ಸದಸ್ಯರಾಗಲು ಕಟ್ಟಿದ ಷೇರು ಹಣಕ್ಕೆ ಮಾತ್ರ ಯಾವ ವಿಮೆಯೂ ಇಲ್ಲ.

ಜರ್ಮನಿಯಲ್ಲಿ ಪದ್ಧತಿ ಬೇರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಸಹಕಾರಿ ಪತ್ತಿಗೆ ನಾಂದಿ ಹಾಡಿದ ರೈಫೈಸನ್ ಮತ್ತು ಶುಲ್ಟ್ಸೆ-ಡೆಲಿಚ್ ಅವರ ಪರಂಪರೆಯ ಸ್ಥಳೀಯ ಸಹಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಒಂದರ ಸೀಮೆಗೆ ಇನ್ನೊಂದು ಕಾಲಿಡುವುದಿಲ್ಲ. ಅವು ಪೈಪೋಟಿ ನಡೆಸುವುದು ಖಾಸಗಿ ಬ್ಯಾಂಕುಗಳ ಹಾಗೂ ಉಳಿತಾಯ ಬ್ಯಾಂಕುಗಳ ಜೊತೆ. ತಮ್ಮಲ್ಲೊಂದು ಬ್ಯಾಂಕು ಕುಸಿಯುವ ಸೂಚನೆ ಕಂಡರೆ ಎಲ್ಲರೂ ಸೇರಿ ಕಟ್ಟಿಕೊಂಡ ರಕ್ಷಣಾ ನಿಧಿ ಅದನ್ನು ಎತ್ತಿ ನಿಲ್ಲಿಸುತ್ತದೆ. ನೆದರ್ಲೆಂಡ್ಸಿನ ಸಹಕಾರಿ ಬ್ಯಾಂಕಾದ ರಾಬೋಬ್ಯಾಂಕಿನ ಸ್ಥಳೀಯ ಬ್ಯಾಂಕುಗಳು ಇನ್ನೂ ಮುಂದೆ ಹೋಗಿ 2016ರಲ್ಲಿ ಒಂದೇ ಸಂಸ್ಥೆಯಾದವು. ಫ್ರಾನ್ಸಿನ ಸಹಕಾರಿ ಬ್ಯಾಂಕು ಸಮೂಹ ಕ್ರೆಡಿ ಅಗ್ರಿಕೋಲ್‌ನಲ್ಲಿ ಪ್ರಾದೇಶಿಕ ಬ್ಯಾಂಕುಗಳೇ ಷೇರು ಪೇಟೆಯಲ್ಲಿರುವ ಕೇಂದ್ರ ಸಂಸ್ಥೆಯ ಬಹುಪಾಲಿನ ಒಡೆಯರು. ನಮ್ಮ ಪಟ್ಟಣ ಬ್ಯಾಂಕುಗಳಿಗೆ ಅಂಥ ಆಸರೆ ಇನ್ನೂ ಗಟ್ಟಿಯಾಗಿಲ್ಲ. ಅವುಗಳಿಗೆ ಆಸರೆಯಾಗಬೇಕಾದ ಛತ್ರ ಸಂಸ್ಥೆ (ಅಂಬ್ರೆಲಾ ಆರ್ಗನೈಸೇಷನ್) ಉದ್ಘಾಟನೆಯಾದದ್ದೇ 2024ರಲ್ಲಿ. ಆದ್ದರಿಂದ ಪರಿಶೀಲನೆಯ ಹೊಣೆ ಬಹುಮಟ್ಟಿಗೆ ಠೇವಣಿದಾರರ ಮೇಲೆಯೇ ಬೀಳುತ್ತದೆ.

ಹೆಚ್ಚು ಬಡ್ಡಿಯ ಹಿಂದೆ ತೆರಿಗೆಯ ಲೆಕ್ಕಾಚಾರವೂ ಇರಬಹುದು. ಅಮೆರಿಕದ ಕ್ರೆಡಿಟ್ ಯೂನಿಯನ್ನುಗಳಿಗೆ, ಅಂದರೆ ಸದಸ್ಯರೇ ಒಡೆಯರಾದ ಸಹಕಾರಿ ಪತ್ತಿನ ಸಂಸ್ಥೆಗಳಿಗೆ, ಒಕ್ಕೂಟ ಸರ್ಕಾರದ ಆದಾಯ ತೆರಿಗೆಯಿಲ್ಲ; ಅಲ್ಲಿನ ಬ್ಯಾಂಕುಗಳು ಇದನ್ನು ಅನ್ಯಾಯದ ಪೈಪೋಟಿ ಎಂದು ದೂರುತ್ತಲೇ ಬಂದಿವೆ. ಭಾರತದಲ್ಲಿ ಸಹಕಾರಿ ಬ್ಯಾಂಕುಗಳ ಆದಾಯ ತೆರಿಗೆ ವಿನಾಯಿತಿಯನ್ನು 2006ರ ಹಣಕಾಸು ಕಾಯ್ದೆ ಕಿತ್ತುಕೊಂಡಿತು, ಕೃಷಿ ಪತ್ತಿನ ಸಂಘಗಳಿಗೆ ಉಳಿಸಿತು. ಆದರೂ ಸುತ್ತಲಿನ ಎಲ್ಲ ಬ್ಯಾಂಕುಗಳಿಗಿಂತ ಎರಡು ಮೂರು ಶೇಕಡಾ ಹೆಚ್ಚು ಕೊಡುವವರನ್ನು, ಆ ಹಣವನ್ನು ಯಾರಿಗೆ ಯಾವ ದರದಲ್ಲಿ ಸಾಲ ಕೊಟ್ಟಿದ್ದೀರಿ ಎಂದು ಕೇಳಲೇಬೇಕು.

ಉತ್ತರ ವಾರ್ಷಿಕ ವರದಿಯಲ್ಲಿರುತ್ತದೆ. ಸೆಪ್ಟೆಂಬರಿನ ಮಹಾಸಭೆಗೆ ಮುನ್ನ ಸದಸ್ಯರಿಗೆ ಸಿಗುವ ಆ ಪುಸ್ತಕದಲ್ಲಿ ಅಧ್ಯಕ್ಷರ ಭಾವಚಿತ್ರವನ್ನೂ ಡಿವಿಡೆಂಡಿನ ಘೋಷಣೆಯನ್ನೂ ದಾಟಿ ಅಢಾವೆ ಪತ್ರಿಕೆಗೆ (ಬ್ಯಾಲೆನ್ಸ್ ಶೀಟ್) ಹೋಗಬೇಕು. ಆಸ್ತಿಯ ಬದಿಯಲ್ಲಿ ಕ್ರೋಢೀಕೃತ ನಷ್ಟ ಎಂಬ ಸಾಲಿದ್ದರೆ ಹಿಂದಿನ ವರ್ಷಗಳ ನಷ್ಟ ಇನ್ನೂ ತುಂಬಿಲ್ಲವೆಂದು ಅರ್ಥ. ಸುಸ್ತಿ ಸಾಲದ, ಅಂದರೆ ಗಡುವು ಮೀರಿದರೂ ಮರುಪಾವತಿಯಾಗದ ಸಾಲದ ಶೇಕಡಾವಾರನ್ನು ಹಿಂದಿನ ಎರಡು ವರ್ಷಗಳ ವರದಿಯೊಡನೆ ಹೋಲಿಸಿ ನೋಡಬೇಕು. ಒಂದೇ ವರ್ಷದ ಅಂಕಿಯಿಂದ ಹೆಚ್ಚೇನೂ ತಿಳಿಯದು. ಲೆಕ್ಕಪರಿಶೋಧಕರ ಆಕ್ಷೇಪಣೆಗಳು ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿರುತ್ತವೆ, ಅವನ್ನು ಬಿಡದೆ ಓದಬೇಕು.

ಮತದ ಹಕ್ಕುಳ್ಳ ಸದಸ್ಯರಿಗೆ ಷೇರು ಎಷ್ಟೇ ಇರಲಿ, ಒಂದೇ ಮತ. ಹೆಸರಿಗಷ್ಟೇ ಸೇರಿಸಿಕೊಂಡ ನಾಮಮಾತ್ರ ಸದಸ್ಯರಿಗೆ ಅದೂ ಇಲ್ಲ. ಸಾಲಕ್ಕಾಗಿ ಅರ್ಜಿಗೆ ಸಹಿ ಹಾಕುವಾಗಲೇ ಯಾವ ಸದಸ್ಯತ್ವ ಕೊಡುತ್ತಿದ್ದಾರೆಂದು ಕೇಳಿ, ಷೇರು ಪ್ರಮಾಣಪತ್ರ ಪಡೆದುಕೊಳ್ಳಬೇಕು. ಐದು ಲಕ್ಷಕ್ಕೆ ಮೀರಿದ ಹಣವಿದ್ದವರು ಅದನ್ನು ಎರಡು ಬೇರೆ ಬೇರೆ ಬ್ಯಾಂಕುಗಳಲ್ಲಿಟ್ಟು, ಎರಡರಲ್ಲೂ ನಾಮನಿರ್ದೇಶನದ ನಮೂನೆಯನ್ನು ಭರ್ತಿ ಮಾಡಿ ಸ್ವೀಕೃತಿ ಪಡೆಯತಕ್ಕದ್ದು.